ಮಿಸರಿ ಅಂಗಡಿಯೆದುರು ನೀಲವ್ವಕ್ಕ

ನೀಲವ್ವಕ್ಕ ಇಂಡಿ ಸಂತೆಯಲ್ಲಿ ಎದುರು ನಿಂತವರಿಗೆಲ್ಲ ಬಾಯಿ ತೆರೆದು ತೋರಿಸುತ್ತಿದ್ದಳು. ಎಡಗೆನ್ನೆಯ ಒಳಗೆ ಹೂಕೋಸಿನಂಥ ಬಿಳಿ ಹುಣ್ಣು. ಹೆಣ್ಣುಮಕ್ಕಳು ಸೆರಗು ಅಡ್ಡ ಹಿಡಿದರೆ, "ಮಾರಿ ಯಾಕ ಮುಚ್ಕೊಂತಿ ತಂಗಿ, ಮಿಸರಿ ಬಿಡಲಿಲ್ಲಂದ್ರ ನಾಳೆ ನಿಂದೂ ಹಿಂಗ ಆಗೂದೈತಿ. ಈಗ ನೋಡ್ಕೋ" ಎನ್ನುತ್ತಿದ್ದಳು.

ನನಗೆ ನಿಂಬೆಹಣ್ಣಿನ ವ್ಯಾಪಾರ ಕಲಿಸಿದವಳು ಇವಳೇ. ಎಪ್ಪತ್ತರ ದಶಕದ ಮೊದಲಲ್ಲಿ ಬರಿಗೈಯಲ್ಲಿ ಬಂದ ನನ್ನನ್ನು ತನ್ನ ಬುಟ್ಟಿಯ ಪಕ್ಕ ಕೂರಿಸಿಕೊಂಡು, "ಗಿರಾಕಿ ಮಾತ ಕೇಳಬ್ಯಾಡ, ಕಣ್ಣ ನೋಡು. ಕಣ್ಣು ಹಣ್ಣಿನ ಮ್ಯಾಲಿಂದ ಏಳ್ಲಿಲ್ಲಂದ್ರ ದರ ಇಳಸಬ್ಯಾಡ" ಎಂದಿದ್ದಳು. ಅಂಥ ಜಾಣೆ ಒಂದೇ ಕಡೆ ಮೋಸಹೋದಳು. ಹರೆಯದಲ್ಲಿ ಹಲ್ಲುನೋವು ಬಂದಾಗ ಎದುರಂಗಡಿಯ ಸಾವ್ಕಾರ ಮಿಸರಿ, ಅಂದರೆ ಸುಟ್ಟು ಪುಡಿ ಮಾಡಿದ ತಂಬಾಕು, ಕೊಟ್ಟು ಹಲ್ಲು ಗಟ್ಟಿಯಾಗುತ್ತವೆ ಎಂದಿದ್ದ. ದಿನಕ್ಕೆ ಮೂರು ಹೊತ್ತು ತಿಕ್ಕಿದಳು, ಇಪ್ಪತ್ತು ವರ್ಷ.

ಮಿರಜಿನ ಆಸ್ಪತ್ರೆಗೆ ಕರೆದೊಯ್ದವನು ನಾನು. ಕ್ಯಾನ್ಸರ್ ಎಂದ ಡಾಕ್ಟರು ಹೇಳಿದ್ದನ್ನು ಮರಳುವ ಬಸ್ಸಿನಲ್ಲಿ ನನಗೇ ಬಿಡಿಸಿ ಹೇಳಿದಳು: "ಮೈಯಾಗ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶ ಇರ್ತಾವಂತ. ಹಳೇವು ಸಾಯ್ತಾವ, ಅವುಗಳ ಜಾಗಾಕ ಹೊಸಾವು ಹುಟ್ತಾವ. ತಂಬಾಕಿನ ವಿಷ ದಿನಾ ತಾಗಿ ತಾಗಿ ಒಂದು ಕೋಶದ ಬುದ್ಧಿ ಕೆಡ್ತೈತಿ. ಅದು ತಾನೂ ಸಾಯಾಂಗಿಲ್ಲ, ತನ್ನಂಥಾವ್ನ ಹಡಿಯೂದೂ ಬಿಡಾಂಗಿಲ್ಲ." ಸೊಂಟದ ಮಿಸರಿ ಡಬ್ಬಿ ತೆಗೆದು ನನಗೆ ತೋರಿಸಿದಳು. "ನಾ ಸಾಯೂದ್ರೊಳಗ ಆ ಸಾವ್ಕಾರನ ಅಂಗಡಿ ಮುಚ್ಚಸ್ತೇನಿ."

ಮರುವಾರದಿಂದ ಅವಳ ಬುಟ್ಟಿ ಅವನ ಮೆಟ್ಟಿಲ ಮುಂದೆ. ಕೆಲವು ಸಂತೆ ತಡೆದುಕೊಂಡ ಸಾವ್ಕಾರ ಕೊನೆಗೆ ಕೆಳಗಿಳಿದು ಬಂದ.

"ನೀಲವ್ವ, ನಿನ್ನ ಹಣೇಬರಕ್ಕ ನಾ ಏನ್ ಮಾಡ್ಲಿ? ಊರ ಮಂದಿ ಎಲ್ಲಾ ತಿಕ್ಕತಾರ."

"ಹೌದ್ರಿ ಸಾವ್ಕಾರ್ರ. ನಿಮ್ಮ ಮನ್ಯಾಗ ಯಾರ್ ತಿಕ್ಕತಾರ?"

ಅವನು ಮೆಟ್ಟಿಲಿನತ್ತ ತಿರುಗಿದ. ಅವಳು ಮಿಸರಿ ಡಬ್ಬಿಯ ಮುಚ್ಚಳ ತೆಗೆದು ಚಾಚಿದಳು. "ಒಂದ ಚಿಟಿಕಿ. ಎಲ್ಲಾರ ಮುಂದ ತಿಕ್ಕೋರಿ. ಈಗಿಂದೀಗ ಎದ್ದು ಹೋಗ್ತೇನಿ."

ಸುತ್ತ ನೆರೆದ ಹೆಂಗಸರು ಮಿಸರಿ ಕಲೆಯಿಲ್ಲದ ಅವನ ಬೆಳ್ಳನೆಯ ಹಲ್ಲುಗಳನ್ನೇ ನೋಡುತ್ತಿದ್ದರು. ಅವನು ಒಳಗೆ ಹೋದ. ನಿಮಗೂ ಹೇಳುತ್ತೇನೆ: ಯಾವುದೇ ಸರಕು ಕೊಳ್ಳುವ ಮುಂಚೆ ಅದು ಮಾರುವವನ ಮನೆಯಲ್ಲಿದೆಯೇ ಎಂದು ಕೇಳಿ.

ದೀಪಾವಳಿ ಹೊತ್ತಿಗೆ ಗಿರಾಕಿಗಳಿಲ್ಲದೆ ಅಂಗಡಿ ಮುಚ್ಚಿತು. ಸುದ್ದಿ ಹೇಳಲು ಹೋದಾಗ ಅವಳಿಗೆ ಮಾತು ನಿಂತಿತ್ತು. ಅರ್ಧ ಮುಖದಲ್ಲೇ ನಕ್ಕಳು. ಅವನು ಸಿಂದಗಿಯಲ್ಲಿ ಹೊಸ ಅಂಗಡಿ ತೆರೆದದ್ದನ್ನು ನಾನು ಹೇಳಲಿಲ್ಲ.

ಅವಳನ್ನು ಮಣ್ಣು ಮಾಡಿದ ವಾರವೇ ಸಿಂದಗಿ ಬಸ್ಸು ಹತ್ತಿದೆ. ಬುಟ್ಟಿಯನ್ನು ಅವನ ಬಾಗಿಲಿಗೆ ಅಡ್ಡ ಇಟ್ಟು, ಮಿಸರಿಗೆ ಬಂದ ಮೊದಲ ಹೆಣ್ಣುಮಗಳನ್ನು ಕರೆದೆ: "ಬಾ ಅವ್ವ, ಇಲ್ಲಿ ಕುಂದ್ರು. ನಿನಗ ನೀಲವ್ವಕ್ಕ ಅನ್ನಾಕಿ ಕತಿ ಹೇಳ್ತೇನಿ."