ತಾಮ್ರ ಸುಲಿಯಲು ಮುಯ್ಯಿ ಕರೆದರು

"ಒಂದು ಆ ಬೆಂಕಿ ಇರಬೇಕು, ಇಲ್ಲಾ ನಾ ಇರಬೇಕು. ಯಾವುದಂತ ನೀವ ಹೇಳ್ರಿ."

ಅತ್ತೆ ಹೀಗೆಂದು ಮಂಚದ ಕೆಳಗಿನ ಟ್ರಂಕು ಹೊರಗೆಳೆದರು. ಮಾವ ಟ್ರಂಕಿನ ಮೇಲಿನ ಧೂಳು ಒರೆಸಿದರು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸು ಇಷ್ಟು ಸುಲಭದ ಪ್ರಶ್ನೆಗೆ ಧೂಳು ಒರೆಸಿದರೆ ಏನರ್ಥ?

ಮಲ್ಲಪ್ಪ ನನ್ನ ಸೋದರಮಾವ. ಊರು ವಿಜಯಪುರದ ಕಡೆಯದು, ಬದುಕು ಧಾರಾವಿಯದು. ಕೆಳಗೆ ಅವರ ಗಾಲಾ (ಇಲ್ಲಿ ಸಣ್ಣ ವರ್ಕ್‌ಶಾಪಿಗೆ ಹೀಗೇ ಅನ್ನುತ್ತೇವೆ), ಮೇಲೆ ಮನೆ. ನಾವು ಬಿಸಾಡಿದ ಕಂಪ್ಯೂಟರ್‌ಗಳೆಲ್ಲ ಆ ಗಾಲಾಕ್ಕೆ ಬರುತ್ತವೆ. ಪವರ್ ಸಪ್ಲೈ ಡಬ್ಬಿ, ಹಳೆಯ ಮಾನಿಟರಿನ ಕುತ್ತಿಗೆಗೆ ಸುತ್ತಿದ ತಂತಿಯ ಸುರುಳಿ, ಮೂಟೆಗಟ್ಟಲೆ ವೈರು. ಇವುಗಳ ಒಳಗಿರುವ ತಾಮ್ರವೇ ಮಾವನ ಅನ್ನ.

ಸುರುಳಿಯನ್ನು ಬಿಚ್ಚಿದರೆ ತಾಮ್ರ ಸಿಗುತ್ತದೆ. ವೈರಿನದೇ ತಕರಾರು. ಮೇಲಿನ ಪ್ಲಾಸ್ಟಿಕ್ ಹೋಗಬೇಕು. ಮಾವನ ದಾರಿ ಸಲೀಸು: ಗಾಲಾದ ಹಿಂದಿನ ಚರಂಡಿಯ ಪಕ್ಕ ತಗಡಿನ ಡ್ರಮ್ಮು, ಡ್ರಮ್ಮಿನಲ್ಲಿ ವೈರು, ವೈರಿಗೆ ಬೆಂಕಿ. ಆ ಕಪ್ಪು ಹೊಗೆ ನೇರ ಮೇಲೇರಿ ಅತ್ತೆಯ ಅಡುಗೆಮನೆಯ ಕಿಟಕಿ ಹೊಗುತ್ತದೆ. ಅತ್ತೆಗೆ ಈಗ ದಮ್ಮು. ಡಾಕ್ಟರು ಉಸಿರಿಗೆ ಎಳೆದುಕೊಳ್ಳುವ ಪಂಪು ಬರೆದುಕೊಟ್ಟು, "ಹೊಗೆ ನಿಲ್ಲದಿದ್ದರೆ ಇದರಿಂದ ಏನೂ ಆಗುವುದಿಲ್ಲ" ಎಂದೂ ಹೇಳಿ ಕಳಿಸಿದ್ದಾರೆ.

ಟ್ರಂಕು ಹೊರಬಂದ ದಿನ ನಾನೂ ಅಲ್ಲೇ ಇದ್ದೆ. ಕಾಂದಿವಲಿಯಿಂದ ಲೋಕಲ್ ಹಿಡಿದು ಮಾಹೀಮ್‌ನಲ್ಲಿ ಇಳಿದು ಭಾನುವಾರದ ಊಟಕ್ಕೆಂದು ಹೋಗಿದ್ದೆ. ಈ ಅಂಕಣ ಓದುವ ನಿಮಗೆ ನನ್ನ ಚಾಳಿ ಗೊತ್ತು. ಲೋಕಲ್‌ನಲ್ಲಿ ಸೀಟು ಸಿಕ್ಕ ದಿನಗಳಿಗೂ ಡೈರಿಯಲ್ಲಿ ಗೀಟು ಹಾಕುವವಳು ನಾನು. (ಈ ತಿಂಗಳು ಇದುವರೆಗೆ ಎರಡು ಗೀಟು.) ಅಳತೆ ಮಾಡಿ ನೋಡದೆ ಯಾವ ಜಗಳವೂ ಮುಗಿಯಬಾರದು ಎಂಬುದು ನನ್ನ ನಂಬಿಕೆ.

"ಮಾಮಾ, ಒಂದೇ ತೂಕದ ಎರಡು ಚೀಲ ತಗೊಳ್ಳೋಣ. ಒಂದು ನೀವು ಸುಡ್ರಿ, ಒಂದು ನಾವು ಕೈಲೇ ಸುಲೀತೀವಿ. ನೋಡೇ ಬಿಡೋಣ."

ಮಾವ ನಕ್ಕರು. "ನೋಡವ್ವಾ, ನೋಡು. ನಿಮ್ಮತ್ತಿ ಸುಲಿಯೂದರಾಗ ನಾ ಊರಿಗೆ ಹೋಗಿ ಬರ್ತೀನಿ."

ಅತ್ತೆ ಈಳಿಗೆ ಮಣೆ ತಂದರು. ಬದನೆಕಾಯಿ ಹೆಚ್ಚುವ ಅದೇ ಮಣೆ. ಕಾಲಡಿ ಮಣೆ ಒತ್ತಿ, ಅಲಗಿಗೆ ತಾಗಿಸಿ ವೈರನ್ನು ಎಳೆದರೆ ಸಿಪ್ಪೆ ಉದ್ದಕ್ಕೆ ಸೀಳುತ್ತದೆ. ಆಮೇಲೆ ಉಗುರಿನಿಂದ ಬಿಡಿಸಬೇಕು. ದಪ್ಪ ವೈರಾದರೆ ಸರಿ. ಸಣ್ಣವು? ನನ್ನ ಎರಡು ಉಗುರು ಹೋದವು, ತಾಮ್ರ ಬರಲಿಲ್ಲ.

ಮಾವನ ಚೀಲ ಅತ್ತೆಯ ಒಲೆಯ ಮೇಲಿನ ಚಹಾ ಕುದಿಯುವಷ್ಟರಲ್ಲಿ ಬೂದಿಯಾಗಿ ಕರಿ ತಾಮ್ರ ಉಳಿಯಿತು. ನಮ್ಮದು ಸಂಜೆಯಾದರೂ ಅರ್ಧ ದಾಟಲಿಲ್ಲ.

"ಬರಕೋ ನಿನ್ನ ಡೈರ್ಯಾಗ," ಅಂದರು ಮಾವ. ಬರೆದುಕೊಂಡೆ. ಅಂಕಿಗೆ ಸಂಬಂಧಿಕರಿಲ್ಲ.

ಆದರೆ ಸೋತ ಅತ್ತೆಯ ಮುಖದಲ್ಲಿ ಸೋಲೇ ಇರಲಿಲ್ಲ. ಕೆಮ್ಮು ನಿಲ್ಲುವವರೆಗೆ ಕಾದು ಕೇಳಿದರು: "ಏನ್ರಿ, ನಮ್ಮೂರಾಗ ಶಾವಿಗಿ ಯಾರರೆ ಒಬ್ಬಾಕಿನ ಕುಂತು ಹೊಸೀತಾಳೇನ್ರಿ?"

ಮಾವನ ನಗು ನಿಂತಿತು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಬೇಸಿಗೆಯಲ್ಲಿ ನಮ್ಮ ಕಡೆ ಒಬ್ಬರ ಮನೆಯ ಶಾವಿಗೆಗೆ ಓಣಿಯ ಹೆಂಗಸರೆಲ್ಲ ಬರುತ್ತಾರೆ. ಕೂಲಿಯಿಲ್ಲ. ಇಂದು ನೀನು ನನ್ನ ಮನೆಗೆ, ನಾಳೆ ನಾನು ನಿನ್ನ ಮನೆಗೆ. ಅದಕ್ಕೆ ಮುಯ್ಯಿ ಎನ್ನುತ್ತಾರೆ. ಹೊಲದ ಕೆಲಸಕ್ಕೂ ಅದೇ ಪದ್ಧತಿ. ಒಮ್ಮೆ ಮುಯ್ಯಿ ತೀರಿಸದವರ ಮನೆಗೆ ಮತ್ತೆ ಯಾರೂ ಬರುವುದಿಲ್ಲ. ನಾನು ಹಾಕಿದ ಪಂದ್ಯದಲ್ಲಿ ಸಮಯವಿತ್ತು, ತೂಕವಿತ್ತು. ಜನವೇ ಇರಲಿಲ್ಲ!

ಮುಂದಿನ ಭಾನುವಾರ ಅತ್ತೆ ಮುಯ್ಯಿ ಕರೆದರು. ಬೆಳಿಗ್ಗೆಯೇ ವೈರನ್ನೆಲ್ಲ ತಗಡಿನ ಮಾಡಿನ ಮೇಲೆ ಸಂಡಿಗೆಯ ಹಾಗೆ ಬಿಸಿಲಿಗೆ ಹರಡಿದ್ದರು. ಕಾದ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಸಣ್ಣ ವೈರೂ ಮಾತು ಕೇಳುತ್ತದೆ. ಮನೆಯಲ್ಲೇ ಕಂಪನಿಯೊಂದಕ್ಕೆ ಹಪ್ಪಳ ಲಟ್ಟಿಸಿಕೊಡುವ ಮಹಾದೇವಿ ತನ್ನ ಬಳಗದೊಂದಿಗೆ ಬಂದಳು. ಎದುರು ಮನೆಯ ಸುನೀತಾತಾಯಿ ಮರಾಠಿಯವರು. "ಮುಯ್ಯಿ ಮ್ಹಣಜೇ ಕಾಯ್?" ಎಂದು ಅರ್ಥ ಕೇಳಿ, ತಿಳಿದುಕೊಂಡು, ತಮ್ಮ ಈಳಿಗೆ ತರಲು ಓಡಿದರು.

ಗಾಲಾದ ತುಂಬ ಈಳಿಗೆಗಳ ಸಾಲು. ಒಬ್ಬರು ಸೀಳುವುದು, ಒಬ್ಬರು ಎಳೆಯುವುದು, ಒಬ್ಬರು ಸುತ್ತಿಡುವುದು. ಬಾಯಿಗಂತೂ ಬಿಡುವೇ ಇಲ್ಲ.

"ಸುಮೀ, ನಿನ್ನ ಕೈ ನೋಡಿದ್ರ ಯಾರೂ ಕನ್ಯಾ ನೋಡಾಕ ಬರೂದಿಲ್ಲ ಬಿಡು," ಎಂದು ಮಹಾದೇವಿ ನನ್ನ ಉಗುರು ತೋರಿಸಿ ನಕ್ಕಳು.

"ಬಂದ್ರ ಒಂದು ಈಳಿಗಿ ಕೊಟ್ಟು ಕುಂದ್ರಿಸು," ಎಂದರು ಅತ್ತೆ.

ಊಟದ ಹೊತ್ತಿಗೆ ಚೀಲ ಖಾಲಿ. ತಾಮ್ರ ಕೆಂಪಗೆ ಮಿರುಗುತ್ತಿತ್ತು. ಮಾವ ಒಂದು ಹಿಡಿ ಎತ್ತಿ, ಬೆಳಕಿಗೆ ಹಿಡಿದು, ಇಳಿಸಿದರು. "ಈ ವಾರ ಬಂದ್ರು. ಮುಂದಿನ ವಾರ?" ಒಳ್ಳೆಯ ಪ್ರಶ್ನೆ. ಅತ್ತೆ ಕರಾರು ಹಾಕಿದರು: ಎಲ್ಲಿಯವರೆಗೆ ಮುಯ್ಯಿ ನಡೆಯುತ್ತದೋ ಅಲ್ಲಿಯವರೆಗೆ ಡ್ರಮ್ಮಿಗೆ ಕಡ್ಡಿ ಗೀರಬಾರದು. ಮಾವ ಒಪ್ಪಿದರು. ಹೆಚ್ಚು ದಿನ ನಡೆಯಲಾರದು ಎಂಬ ಧೈರ್ಯದಿಂದಲೇ ಒಪ್ಪಿದರು ಎಂದು ನನ್ನ ಅನುಮಾನ.

ಗುರುವಾರ ಮಹಾದೇವಿಯ ಹಪ್ಪಳದ ಆರ್ಡರು. ಅತ್ತೆ ಹೋಗಲೇಬೇಕು. ಬುಧವಾರ ಅವರಿಗೆ ದಮ್ಮು ಜೋರಾಯಿತು. ಇಷ್ಟು ದಿನ ಕುಡಿದ ಹೊಗೆ ಒಂದು ವಾರದಲ್ಲಿ ಬಿಟ್ಟುಹೋಗುತ್ತದೆಯೇ? ಏಳಬಾರದು ಎಂದರು ಡಾಕ್ಟರು. ನಾನು ರಜೆ ಕೇಳಿದೆ. "ಹಪ್ಪಳ ಲಟ್ಟಿಸಬೇಕು" ಎಂಬ ಕಾರಣ ನಮ್ಮ ಆಫೀಸಿನ ಫಾರ್ಮಿನಲ್ಲಿ ಇಲ್ಲವಂತೆ.

ಫೋನಿನಲ್ಲಿ ಅತ್ತೆಯ ದನಿ ಸಿಳ್ಳೆ ಹಾಕಿದಂತೆ ಕೇಳುತ್ತಿತ್ತು. "ನಾ ಹೋಗಲಿಲ್ಲಂದ್ರ ಅವರ್ಯಾಕ ಬರ್ತಾರವ್ವಾ? ಐತ್ವಾರ ಮತ್ತ ಡ್ರಮ್ಮು ಹತ್ತತೈತಿ."

ಗುರುವಾರ ಆಫೀಸು ಮುಗಿಸಿ ಮಹಾದೇವಿಯ ಮನೆಗೇ ನೇರ ಓಡಿದೆ. ಉಳಿದಷ್ಟನ್ನಾದರೂ ಲಟ್ಟಿಸೋಣ ಎಂದು. ಬಾಗಿಲಲ್ಲಿ ಹಪ್ಪಳ ಒಣಗಿಸಿದ ಬುಟ್ಟಿಗಳು. ಒಳಗೆ ಹೆಂಗಸರ ನಡುವೆ, ಗೋಡೆಗೆ ಬೆನ್ನು ಕೊಟ್ಟು, ಲಟ್ಟಣಿಗೆ ಹಿಡಿದು ಕೂತಿದ್ದಾರೆ ಮಲ್ಲಪ್ಪ ಮಾವ!

ಯಾರೂ ಕಳಿಸಿರಲಿಲ್ಲವಂತೆ. ಬೆಳಿಗ್ಗೆ ಅತ್ತೆಗೆ ಗಂಜಿ ಕೊಟ್ಟು, ಗಾಲಾದ ಶಟರ್ ಎಳೆದು, ತಾವಾಗಿಯೇ ಬಂದು, "ಎಲ್ಲಿ ಕುಂದ್ರಲಿ?" ಎಂದಿದ್ದರಂತೆ.

"ಇದೇನ ಅಣ್ಣಾರ, ಹಪ್ಪಳಾ ಏನು ಇಂಡಿ ತಾಲೂಕಿನ ನಕಾಶೆನಾ?" ಮಹಾದೇವಿ ಒಂದನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಗದ್ದಲವೋ ಗದ್ದಲ. ಮಾವನ ಕಿವಿ ಕೆಂಪಾಯಿತು. ಆದರೆ ಏಳಲಿಲ್ಲ. ನಾನು ಲಟ್ಟಣಿಗೆ ಕೇಳಿದರೆ ಕೊಡಲೂ ಇಲ್ಲ.

"ನಿಮ್ಮತ್ತಿ ಬಾಕಿ ನನ್ನ ಬಾಕಿ. ನೀ ಆ ಹಿಟ್ಟು ಹರದು ಉಂಡಿ ಮಾಡಿ ಕೊಡು."

ಅಷ್ಟೇ. ಭಾಷಣವಿಲ್ಲ, ಕ್ಷಮೆ ಕೇಳಿದ್ದಿಲ್ಲ. ಮತ್ತೊಂದು ಉಂಡೆ, ಮತ್ತೊಂದು ನಕಾಶೆ. ಕಂಪನಿಗೆ ದುಂಡಗಿನದೇ ಬೇಕು. ಹಾಗಾಗಿ ಮಾವನವು ಬೇರೆ ಬುಟ್ಟಿಗೆ ಹೋಗುತ್ತಿದ್ದವು. ಅವನ್ನು ಮುದ್ದೆ ಮಾಡಿ ಮತ್ತೆ ಲಟ್ಟಿಸುವ ಕೆಲಸ ಮಹಾದೇವಿಗೆ ಹೆಚ್ಚಾಯಿತು.

ಕೊನೆಗೆ ಅವಳೇ ಕೈ ಮುಗಿದಳು. "ಅಣ್ಣಾರ, ನಿಮ್ಮ ಮುಯ್ಯಿ ಮುಟ್ಟಿತು. ಐತ್ವಾರ ಎಲ್ಲಾರೂ ಬರ್ತೀವಿ. ನೀವು ಮಾತ್ರ ಇನ್ನ ಬರಬ್ಯಾಡ್ರಿ!"

ಮಾವ ಮೊಣಕಾಲಿನ ಹಿಟ್ಟು ಕೊಡವಿದರು. "ಬರ್ತೀನಿ. ಕಲೀತೀನಿ. ಆಕಿ ಎದ್ದು ಓಡಾಡೂತನಕ ನಾನ ಬರ್ತೀನಿ."

ಭಾನುವಾರ ಎಲ್ಲರೂ ಬಂದರು. ಈ ಅಂಕಣ ಬರೆಯುತ್ತಿರುವ ಹೊತ್ತಿಗೆ ಡ್ರಮ್ಮು ಹತ್ತಿಲ್ಲ. ಅತ್ತೆ ಇನ್ನೂ ಪೂರ್ತಿ ಎದ್ದಿಲ್ಲ, ಆದರೆ ಟ್ರಂಕು ಮಂಚದ ಕೆಳಗೆ ಹೋಗಿದೆ.

ಬೆಂಕಿ ಹಚ್ಚಲು ಒಬ್ಬರು ಸಾಕು ಎಂದು ನಮಗೆಲ್ಲ ಗೊತ್ತು. ಅದನ್ನು ಆರಿಸಿಯೇ ಇಡಲು ಎಷ್ಟು ಜನ ಬೇಕೆಂದು ನಾವ್ಯಾಕೆ ಲೆಕ್ಕ ಹಾಕುವುದಿಲ್ಲ?