ಒತ್ತಿಗೆ ಹೊರಟ ಬಸ್ಸು

ಗೆಳೆಯರೇ, ಬಸ್ಸಿಗೆ ಬೆಂಕಿ ಬಿದ್ದರೆ ಇಳಿಯುವುದು ಹೇಗೆಂದು ಇವತ್ತು ಬೆಳಿಗ್ಗೆ ತಮಿಳುನಾಡಿಗೆ ಸೇರಿದ ನಮ್ಮ ತಾಳವಾಡಿಯ ಬಸ್ ಸ್ಟ್ಯಾಂಡಿನಲ್ಲಿ ನಮಗೆ ಕಲಿಸಿದರು. ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದವರನ್ನೆಲ್ಲ ಮೂಲೆಯಲ್ಲಿ ನಿಂತಿದ್ದ ಖಾಲಿ ಬಸ್ಸಿಗೆ ಹತ್ತಿಸಿದ ಅಗ್ನಿಶಾಮಕ ದಳದ ಅಧಿಕಾರಿ, "ಮೊದಲ್ಲ ಒತ್ತಿಗೆ, ಅಪ್ಪುರಂ ಬಸ್ಸು" ಎಂದರು.

ಪಕ್ಕದಲ್ಲಿದ್ದ ತಿಗನಾರೆಯ ಕೆಂಪಮ್ಮನಿಗೆ ಸಮಾಧಾನವಾಯಿತು. "ಒತ್ತಿಗೆ ಸರ್ಯಾಗಿ ಬುಡ್ತಾರಂತೆ ಕಣವ್ವ. ಅನ್ನೊಂದಕ್ಕೆ ಚಾಮ್ರಾಜ್ನಗರ್ದಿಂದ ಕಣ್ಣಾಸ್ಪತ್ರೆ ವ್ಯಾನು ಒಂಟೋಯ್ತದೆ. ಇವತ್ತು ತಪ್ಪುದ್ರೆ ಆಪ್ರೇಸನ್ನು ಇನ್ಯಾವತ್ತೋ."

ಅವರು ಕೇಳಿಸಿಕೊಂಡದ್ದು ನಮ್ಮ 'ಹೊತ್ತಿಗೆ'. ಅಧಿಕಾರಿ ಹೇಳಿದ್ದು ತಮಿಳಿನ 'ಒತ್ತಿಗೈ', ಅಂದರೆ ತಾಲೀಮು; ಮೊದಲು ಅದು, ಆಮೇಲೆ ಬಸ್ಸು. ನನಗೆ ಅರ್ಥವಾಗಿತ್ತು. ಹೇಳಲು ಬಾಯಿ ಬರಲಿಲ್ಲ.

ಎರಡು ಸಲ ಇಳಿದು ಹತ್ತಿದೆವು. ಮೂರನೆಯ ಸಲ ಕೂತಾಗ, ನಮ್ಮ ಬಸ್ಸು ಬಂದು, ಹತ್ತುವವರಿಲ್ಲದೆ ಹೊರಟೇಬಿಟ್ಟಿತು.

"ಅಯ್ಯೋ, ನಿಲ್ಲುಸ್ರಪ್ಪಾ!" ಎಂದು ಕೆಂಪಮ್ಮ ಬಾಗಿಲಿಗೆ ಓಡಿದರು.

"ಇರುಂಗಮ್ಮಾ!" ಅಧಿಕಾರಿ ಕೈ ಅಡ್ಡ ಹಿಡಿದರು. ವಿಸಿಲ್ ಊದಿದ ಮೇಲೆಯೇ ಇಳಿಯಬೇಕಂತೆ. ಊದುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ಮುಂದಿನದು ಮಧ್ಯಾಹ್ನಕ್ಕೆ.

ಕೆಂಪಮ್ಮ ಆಸ್ಪತ್ರೆಯ ಚೀಟಿಯನ್ನು ನನ್ನ ಕೈಗಿಟ್ಟರು. "ಒಸಿ ಓದವ್ವ. ನಾಳಿಕೂ ಬಂದದಾ ವ್ಯಾನು?"

ಚೀಟಿಯಲ್ಲಿ ಇವತ್ತಿನ ತಾರೀಖು ಮಾತ್ರ ಇತ್ತು. ಮಡಚಿ ಅವರ ಕೈಗೇ ಕೊಟ್ಟೆ.

ಕೊನೆಗೆ ಅಧಿಕಾರಿ ನಮ್ಮಿಂದಲೇ ಚಪ್ಪಾಳೆ ತಟ್ಟಿಸಿದರು. ತಾಲೀಮು ಬಹಳ ಚೆನ್ನಾಗಿ ಆಯಿತಂತೆ, ಒಬ್ಬರೂ ಬಸ್ಸಿನೊಳಗೆ ಉಳಿಯಲಿಲ್ಲವಂತೆ. ನಿಜ. ಚಾಮರಾಜನಗರಕ್ಕೆ ಹೋದ ಬಸ್ಸಿನೊಳಗೂ ನಮ್ಮಲ್ಲಿ ಒಬ್ಬರೂ ಇರಲಿಲ್ಲ.