ಮಾದನ ಪಾಲು

ಪುಲ್ಪಳ್ಳಿ ಪೊಲೀಸ್ ಠಾಣೆಯ ಮೇಲೆ ನಕ್ಸಲರ ದಾಳಿ ನಡೆದ ಮೇಲೆ ಆ ಕಡೆಯ ಕಾಡಿನವರು ಆನೆಗಿಂತ ಪೊಲೀಸ್ ಜೀಪಿಗೆ ಹೆಚ್ಚು ಹೆದರತೊಡಗಿದ್ದರು. ಆನೆ ಬಂದರೆ ಓಡಿದರಾಯಿತು. ಜೀಪು ಬಂದಾಗ ಓಡಿದರೆ ಓಡಿದ್ದೇ ತಪ್ಪು, ನಿಂತರೆ ನಿಂತದ್ದೇ ತಪ್ಪು. ಅಂಥ ದಿನಗಳಲ್ಲಿ ಮುಳ್ಳನ್ಕೊಲ್ಲಿಯಾಚೆಯ ಆದಿವಾಸಿಗಳ ಒಂದು ಹಾಡಿಗೆ ಯಾರೋ ಇಬ್ಬರು ಬಂದು ಕಾಡಿನ ದಾರಿ ಕೇಳಿದರು. ಜೇನು ಕೊಯ್ಯುವ ಮಾದನ್, ಕೇಳಿದವರಿಗೆ ದಾರಿ ತೋರಿಸದಿದ್ದರೆ ಹೇಗೆ ಎಂದು ಅವರ ಮುಂದೆ ನಡೆದ. ಮತ್ತೆ ಬರಲಿಲ್ಲ. ಪೊಲೀಸರು ಹಿಡಿದರೆಂದು ಒಬ್ಬರು ಹೇಳಿದರು, ಮರಕ್ಕಡವಿನಲ್ಲಿ ಹೊಳೆ ದಾಟಿ ಮೈಸೂರು ಸೀಮೆಗೆ ಹೋದನೆಂದು ಇನ್ನೊಬ್ಬರು. ಅವನ ಹೆಂಡತಿ ಜಾನು ಹೋಗಿ ಕೇಳಿದಲ್ಲೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರವೇ ಸಿಕ್ಕಿತು.

ಹಾಡಿಯವರು ಕೆಟ್ಟವರಲ್ಲ, ಹೆದರಿದವರು. ಒಲೆಗೆ ಕೆಂಡ ಕೇಳಿಕೊಂಡು ಜಾನುವಿನ ಗುಡಿಸಲಿಗೆ ಬರುತ್ತಿದ್ದವರು ಬರುವುದನ್ನು ಬಿಟ್ಟರು. ತೋಡಿನ ಬಳಿ ಅವಳು ಕೊಡ ಇಳಿಸಿದರೆ ಉಳಿದವರು ತಮ್ಮ ಕೊಡ ಎತ್ತಿಕೊಂಡರು. ಮನೆಯಲ್ಲಿ ಉಳಿದವರು ಅವಳು, ಕಣ್ಣು ಮಂಜಾದ ಅತ್ತೆ ಅಮ್ಮಾಳು, ಮಗಳು ಕಾರ್ತು. ಆದರೂ ಸಂಜೆ ಬೆಂದ ಗೆಣಸನ್ನು ಜಾನು ನಾಲ್ಕು ಪಾಲು ಮಾಡುತ್ತಿದ್ದಳು. ಕಾಡಿಗೆ ಹೋದವನ ಪಾಲನ್ನು ಅವನು ಬರುವ ತನಕ ಎತ್ತಿಡಬೇಕು, ಎತ್ತಿಡುವುದನ್ನು ಬಿಟ್ಟರೆ ಅವನು ಸತ್ತನೆಂದೇ ಅರ್ಥ. ಅದು ಆ ಹಾಡಿಯ ಕಟ್ಟಳೆ. ಒಲೆಯ ಮೇಲಿನ ಅಟ್ಟದಲ್ಲಿ ಎಲೆ ಸುತ್ತಿ ಇಟ್ಟದ್ದನ್ನು ಬೆಳಗಾದ ಮೇಲೆ ಮೂವರೂ ತಿನ್ನುತ್ತಿದ್ದರು. ಎಸೆಯಲು ಅದೇನು ಉಳ್ಳವರ ಮನೆಯೇ? ಕಾಗೆಗೆ ಮಾತ್ರ ಜಾನು ಅದರಲ್ಲಿ ಒಂದು ಚೂರೂ ಹಾಕಲಿಲ್ಲ.

ಕಾರ್ತುವಿಗೆ ಶಾಲೆಯ ಲೆಕ್ಕವೆಂದರೆ ಕಬ್ಬಿಣದ ಕಡಲೆ. ಮೂರನೇ ಕ್ಲಾಸಿನಲ್ಲಿ ಒಂದು ಸಲ ನಪಾಸಾಗಿದ್ದಳು. ಇನ್ನೊಂದು ಸಲ ಆದರೆ ಶಾಲೆ ಮುಗಿದ ಹಾಗೆಯೇ. ಆಮೇಲೆ ಹಾಡಿಯ ಕಾಡನ್ನೇ ಕಡಿದು ಮಾಡಿದ ಮೆಣಸಿನ ತೋಟದಲ್ಲಿ ಕಳೆ ಕೀಳುವುದು. ಜಾನುವಿನ ಬಾಲ್ಯವನ್ನು ನುಂಗಿದ್ದೂ ಅಂಥದೇ ಒಂದು ತೋಟ. ಮಗಳನ್ನಾದರೂ ಅದರ ಬಾಯಿಗೆ ಕೊಡಬಾರದು ಎಂಬ ಒಂದೇ ಹಟ ಅವಳಲ್ಲಿ ಉಳಿದಿತ್ತು.

ಆ ಮನೆಯ ಹೊಸ್ತಿಲು ತುಳಿಯಲು ಹೆದರದವನು ಒಬ್ಬನೇ, ಶಾಲೆಯ ದಿವಾಕರನ್ ಮಾಷ್. ಒಂದು ಭಾನುವಾರ ಬಂದು, ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ, ಲೆಕ್ಕವನ್ನು ಮನೆಯಲ್ಲಿ ನೀನೇ ಹೇಳಿಕೊಡು ಎಂದ. ಜಾನು ನಾಚಿ, ತನಗೆ ಅಕ್ಷರವೇ ಬರುವುದಿಲ್ಲ ಎಂದಳು. ನೆಲ್ಲಿಕಾಯಿಗೂ ಬರುವುದಿಲ್ಲ, ಅದು ಲೆಕ್ಕ ಕಲಿಸುವುದಿಲ್ಲವೇ ಎಂದು ಮಾಷ್ ನಕ್ಕ. ಕೈಗೆ ವಸ್ತು ಕೊಟ್ಟು ಮಾಡಿಸು, ತಪ್ಪಿದರೆ ಬಯ್ಯಬೇಡ, ಹೇಗೆ ಮಾಡಿದೆ ಎಂದು ಕೇಳು ಎಂದ. ಹೊರಡುವಾಗ ಇನ್ನೊಂದು ಮಾತು ಹೇಳಿದ.

"ಅವಳು ಸರಿಯಾಗಿ ಮಾಡಿದ ಕೂಡಲೆ ಶರಿ ಅಂತ ಬಾಯಿಬಿಟ್ಟು ಹೇಳಬೇಕು. ತಾಯಿ ಹೇಳದೆ ಇದ್ರೆ ಮಗುವಿಗೆ ಧೈರ್ಯ ಬರಲ್ಲ."

ಅಲ್ಲಿಂದ ಸಂಜೆಗಳ ಬಣ್ಣವೇ ಬದಲಾಯಿತು. ನೆಲ್ಲಿಕಾಯಿ ಕೂಡಿತು, ಕಳೆಯಿತು, ಸಾಲುಸಾಲಾಗಿ ಕೂತು ಗುಣಿಸಿತು. ಉತ್ತರ ಹೇಳಿ ಕಾರ್ತು ಅವ್ವನ ಬಾಯಿಯನ್ನೇ ನೋಡುತ್ತಿದ್ದಳು. ಜಾನು "ಶರಿ" ಎಂದರೆ ಅವಳ ಮುಖ ಅರಳುತ್ತಿತ್ತು. ದಿನವಿಡೀ ಯಾರೂ ಮಾತಾಡಿಸದ ಜಾನುವಿಗೂ ಆ ಒಂದು ಶಬ್ದ ಆಡುವ ಹೊತ್ತಿಗಾಗಿ ಕಾಯುವುದು ಅಭ್ಯಾಸವಾಯಿತು. ಭಾಗಾಕಾರವನ್ನಂತೂ ಅವಳು ಗೆಣಸು ಹಂಚುತ್ತಲೇ ಕಲಿಸಿದಳು. ಹಂಚುವುದು ಗೊತ್ತಿಲ್ಲದವರು ಕಾಡಿನಲ್ಲಿ ಯಾರಿದ್ದಾರೆ?

ಪರೀಕ್ಷೆಗೆ ಸ್ವಲ್ಪ ಮುಂಚೆ ಮಾಷ್ ಮತ್ತೆ ಬಂದ. ಉಳಿದದ್ದೆಲ್ಲ ಸರಿ, ಭಾಗಾಕಾರ ಮಾತ್ರ ಪೂರ್ತಿ ತಪ್ಪು ಎಂದ. ಮೂವರಿಗೆ ಹನ್ನೆರಡು ನೆಲ್ಲಿಕಾಯಿ ಹಂಚಿದರೆ ಒಬ್ಬರಿಗೆ ಮೂರು ಎಂದು ಹುಡುಗಿ ಬರೆದಿದ್ದಳು. ಹೇಗೆ ಮಾಡಿದೆ ಎಂದು ಅವನೇ ಕಾಯಿ ಕೊಟ್ಟು ಕೇಳಿದ. ಕಾರ್ತು ತಡವರಿಸದೆ ನಾಲ್ಕು ಗುಡ್ಡೆ ಹಾಕಿದಳು. ನಾಲ್ಕನೆಯದು ಯಾರಿಗೆ ಎಂದರೆ, "ಹೊರಗೆ ಹೋದೋರಿಗೆ" ಎಂದಳು, ಇಷ್ಟು ದೊಡ್ಡ ಮಾಷಿಗೆ ಇದೂ ಗೊತ್ತಿಲ್ಲವೇ ಎನ್ನುವ ಹಾಗೆ.

ಮಾಷಿನ ಕಣ್ಣು ಅಟ್ಟದ ಮೇಲಿನ ಎಲೆಯ ಪೊಟ್ಟಣಕ್ಕೆ ಹೋಯಿತು. ಲೆಕ್ಕದಲ್ಲಿ ಎಷ್ಟು ಜನರೆಂದು ಹೇಳಿರುತ್ತದೋ ಅಷ್ಟೇ ಜನ ಎಂದು ಮೆಲ್ಲಗೆ ಹೇಳಿ, ಕೊಟ್ಟ ಹಾಲಿಲ್ಲದ ಕಟ್ಟನ್ ಕಾಪಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಪಾಪ, ಅವನು ತಾನೇ ಏನು ಮಾಡಿಯಾನು?

ಜಾನು ಸರಿಯಾಗಿ ಕಲಿಸಿದರೆ ಗಂಡ ಸತ್ತ ಹಾಗೆ, ಕಲಿಸದಿದ್ದರೆ ಮಗಳು ತೋಟಕ್ಕೆ. ಅತ್ತ ದರಿ, ಇತ್ತ ಪುಲಿ. ಮರುದಿನ ತೋಡಿನಿಂದ ಮಡಿಲ ತುಂಬ ಬೆಣಚುಕಲ್ಲು ಆಯ್ದು ತಂದಳು. ಕಲ್ಲಿಗೆ ಹಸಿವಿಲ್ಲ, ಕಲ್ಲಿಗಾಗಿ ಯಾರೂ ಕಾಡಿನಿಂದ ಬರುವುದಿಲ್ಲ.

"ಕಲ್ಲಲ್ಲಿ ಎಷ್ಟ್ ಜನ ಅಂದ್ರೋ ಅಷ್ಟೇ ಪಾಲು. ಉಂಬೋವಾಗ ಬೇರೆ," ಎಂದಳು.

ಯಾಕೆ ಬೇರೆ ಎಂದು ಕಾರ್ತು ಕೇಳಿದಳು. ಮುಂದಿನ ಲೆಕ್ಕ ಮಾಡು ಎಂದುಬಿಟ್ಟಳು ಜಾನು.

ಕಾರ್ತು ಪಾಸಾದಳು. ಗಣಿತದಲ್ಲಿ ಒಳ್ಳೆಯ ಅಂಕವೇ ಬಂದಿತ್ತು. ಆ ಸಂಜೆ ಖುಷಿಯಲ್ಲಿ, ಗೆಣಸು ಇವತ್ತು ತಾನೇ ಹಂಚುತ್ತೇನೆಂದು ಕೂತಳು. ಎಲೆ ಹಾಸಿ, ದೊಡ್ಡದು ಚಿಕ್ಕದು ಹೊಂದಿಸಿ, ಒಂದಿಷ್ಟೂ ಹೆಚ್ಚುಕಡಿಮೆಯಾಗದಂತೆ ಹಂಚಿದಳು. ಮೂರು ಪಾಲು. ನಾಲ್ಕನೆಯ ಎಲೆ ಒಲೆಯ ಪಕ್ಕದಲ್ಲಿ ಹಾಗೇ ಬಿದ್ದಿತ್ತು.

"ನಾವು ಮೂರ್ ಜನ ಅಲ್ವಾ ಅವ್ವಾ," ಎಂದಳು. ಎಂದು, ಇಷ್ಟು ತಿಂಗಳೂ ನೋಡುತ್ತಿದ್ದ ಹಾಗೆಯೇ ಅವ್ವನ ಬಾಯಿಯನ್ನು ನೋಡಿದಳು.

ಹಾಡಿಯವರೆಲ್ಲ ಬಿಟ್ಟಾಗಲೂ ಜಾನುವಿಗೆ ಇಷ್ಟು ಒಂಟಿಯೆನಿಸಿರಲಿಲ್ಲ. ಮಾದನಿಗಾಗಿ ಕಾಯುವವರು ಮೂವರೆಂದುಕೊಂಡಿದ್ದಳು, ಮಗಳು ಯಾವಾಗಲೋ ಕಾಯುವುದನ್ನು ಬಿಟ್ಟಿದ್ದಳು. ತಪ್ಪು ಎಂದರೆ ಆ ಮುಖದ ಧೈರ್ಯ ಇಳಿದುಹೋಗುತ್ತಿತ್ತು.

"ಶರಿ," ಎಂದಳು ಜಾನು. "ಶರಿ ಮಗಾ."

ಕಾರ್ತು ತಿಂದು ಕೈ ತೊಳೆಯಲು ಹೋದಳು. ಜಾನು ತನ್ನ ಪಾಲಿನದನ್ನೆಲ್ಲ ಆ ನಾಲ್ಕನೆಯ ಎಲೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಎಲೆಯ ಸದ್ದಿಗೆ ಅಮ್ಮಾಳು ಮುಖವೆತ್ತಿ, ನೀನು ತಿಂದೆಯಾ ಎಂದು ಕೇಳಿದಳು.

"ತಿಂದೆ ಅತ್ತೆ," ಎಂದಳು ಜಾನು.